ವಿರೋಧ ಸೊನ್ನೆ, ಆದರೂ ಸೋಲು: ನ್ಯಾಯಮೂರ್ತಿಗಳನ್ನು ಕೆಳಗಿಳಿಸೋದು ಹೇಗೆ?

ಕ್ಯಾಂಟೀನಿನ ಟೀವಿಯಲ್ಲಿ ದೊಡ್ಡ ಹುದ್ದೆಯವರ ಮೇಲೆ ಆರೋಪ ಅಂತ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಒಬ್ಬರಾದರೂ "ಇಂಪೀಚ್ ಮಾಡಿ ಕಳಿಸ್ಬೇಕು ಮಗಾ" ಅಂದೇ ಅನ್ನುತ್ತೇವೆ. ಹೇಳೋದು ಸುಲಭ. ಆದರೆ ಅದು ನಡೆಯೋದು ಹೇಗೆ ಅಂತ ಕೇಳಿದರೆ ಎಲ್ಲರೂ ಟೀ ಲೋಟ ನೋಡ್ತೀವಿ. ಅದಕ್ಕೇ ಈ ಲೇಖನ.

ಮೊದಲು ಪದದ ವಿಚಾರ. ನಮ್ಮ ಸಂವಿಧಾನ 'ಇಂಪೀಚ್‌ಮೆಂಟ್', ಅಂದರೆ ಮಹಾಭಿಯೋಗ, ಎಂಬ ಪದವನ್ನು ಬಳಸುವುದು ರಾಷ್ಟ್ರಪತಿಗಳ ವಿಷಯದಲ್ಲಿ ಮಾತ್ರ. ಅದು 61ನೇ ವಿಧಿ. ಕಾರಣ ಒಂದೇ: ಸಂವಿಧಾನದ ಉಲ್ಲಂಘನೆ. ಒಂದು ಸದನದ ಕಾಲು ಭಾಗ ಸದಸ್ಯರು ಸಹಿ ಹಾಕಿ 14 ದಿನ ಮೊದಲೇ ನೋಟಿಸ್ ಕೊಡಬೇಕು. ಆ ಸದನ ಆರೋಪ ಹೊರಿಸಿದರೆ ಇನ್ನೊಂದು ಸದನ ತನಿಖೆ ನಡೆಸಬೇಕು. ಎರಡರಲ್ಲೂ ಒಟ್ಟು ಸದಸ್ಯಬಲದ ಮೂರನೇ ಎರಡರಷ್ಟು ಮತ ಬೀಳಬೇಕು. ರಾಜ್ಯಪಾಲರಿಗೆ ಇದ್ಯಾವುದೂ ಇಲ್ಲ; ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ ಅವರ ಹುದ್ದೆ.

ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿಗಳದ್ದು 'ಪದಚ್ಯುತಿ'. ಕಾರಣ ಎರಡು: ಸಾಬೀತಾದ ದುರ್ನಡತೆ ಅಥವಾ ಅಸಮರ್ಥತೆ. ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ಸ್ಪೀಕರ್ ಅಥವಾ ಸಭಾಪತಿ ಅದನ್ನು ಅಂಗೀಕರಿಸಿದರೆ ಮೂವರ ಸಮಿತಿ ರಚನೆಯಾಗುತ್ತದೆ: ಒಬ್ಬ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಒಬ್ಬ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ಒಬ್ಬ ಕಾನೂನು ತಜ್ಞ. ತಪ್ಪು ನಡೆದಿದೆ ಅಂತ ಸಮಿತಿ ಹೇಳಿದರೆ ಮಾತ್ರ ಮತದಾನ.

ಮತದಾನವನ್ನು ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಆಂಡ್ ಗೇಟ್. ಮೊದಲ ಇನ್‌ಪುಟ್: ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 'ಹೌದು' ಅನ್ನಬೇಕು. ಎರಡನೆಯದು: ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟಾದರೂ 'ಹೌದು' ಅನ್ನಬೇಕು. ಎರಡೂ ಒಂದಾದರೆ ಮಾತ್ರ ಔಟ್‌ಪುಟ್ ಒಂದು. ಅದೂ ಎರಡೂ ಸದನಗಳಲ್ಲಿ, ಒಂದೇ ಅಧಿವೇಶನದೊಳಗೆ.

ಈ ಗೇಟ್ ಹೇಗೆ ಕೆಲಸ ಮಾಡುತ್ತೆ ಅಂತ 1993ರ ಮೇ ತಿಂಗಳಲ್ಲಿ ಲೋಕಸಭೆ ತೋರಿಸಿತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ಮೇಲಿನ ಹಲವು ಆರೋಪಗಳು ಸಾಬೀತಾಗಿವೆ ಎಂದು ಸಮಿತಿ ಹೇಳಿತ್ತು. ಮತಕ್ಕೆ ಹಾಕಿದಾಗ ಪರ 196, ವಿರೋಧ ಸೊನ್ನೆ. ಆದರೆ ಆಡಳಿತ ಪಕ್ಷ ಕಾಂಗ್ರೆಸ್ ಮತ್ತು ಅದರ ಜೊತೆಗಿದ್ದವರು, ಒಟ್ಟು 205 ಮಂದಿ, ಸದನದಲ್ಲೇ ಕೂತು ಯಾವ ಕಡೆಗೂ ಮತ ಹಾಕಲಿಲ್ಲ. ತಟಸ್ಥರು 'ಮತ ಹಾಕಿದವರ' ಲೆಕ್ಕಕ್ಕೆ ಬರೋದಿಲ್ಲ. ಹಾಗಾಗಿ ಎರಡನೇ ಇನ್‌ಪುಟ್‌ನಲ್ಲಿ ನೂರಕ್ಕೆ ನೂರು! ಮೊದಲನೆಯದಕ್ಕೆ 270ಕ್ಕೂ ಹೆಚ್ಚು ಮತ ಬೇಕಿತ್ತು, ಇದ್ದದ್ದು 196. ನಿರ್ಣಯ ಬಿತ್ತು. ಯಾರೂ 'ಬೇಡ' ಅನ್ನದೆಯೇ 'ಬೇಡ' ಅಂತಾಯಿತು.

ಇನ್ನೊಂದು ದಾರಿ ರಾಜೀನಾಮೆ. ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ವಿರುದ್ಧ 2009ರಲ್ಲಿ ರಾಜ್ಯಸಭಾ ಸದಸ್ಯರು ನೋಟಿಸ್ ಕೊಟ್ಟರು. ಆಮೇಲೆ ಅವರು ಸಿಕ್ಕಿಂಗೆ ವರ್ಗವಾದರು. 2011ರಲ್ಲಿ, ವಿಚಾರಣೆ ಮುಗಿಯುವ ಮೊದಲೇ, ರಾಜೀನಾಮೆ ಕೊಟ್ಟರು. ಆರೋಪ ನಿಜವೋ ಸುಳ್ಳೋ, ಸಮಿತಿಯ ತೀರ್ಮಾನ ಬರಲೇ ಇಲ್ಲ. ಅದೇ ವರ್ಷ ಕಲ್ಕತ್ತಾ ಹೈಕೋರ್ಟಿನ ಸೌಮಿತ್ರ ಸೇನ್ ವಿರುದ್ಧದ ನಿರ್ಣಯಕ್ಕೆ ರಾಜ್ಯಸಭೆ ಒಪ್ಪಿಗೆ ಕೊಟ್ಟಿತು. ಲೋಕಸಭೆಯ ಸರದಿ ಬರುವಷ್ಟರಲ್ಲಿ ಅವರೂ ರಾಜೀನಾಮೆ ಕೊಟ್ಟರು. 1950ರಿಂದ 2024ರವರೆಗೆ ಈ ಇಡೀ ದಾರಿ ದಾಟಿ ಪದಚ್ಯುತರಾದ ನ್ಯಾಯಮೂರ್ತಿ ಒಬ್ಬರೂ ಇಲ್ಲ.

ಹಾಗಾದ್ರೆ ಇಷ್ಟು ಕಷ್ಟ ಯಾಕೆ ಇಟ್ಟರು? ಸರ್ಕಾರದ ವಿರುದ್ಧ ತೀರ್ಪು ಕೊಟ್ಟ ನ್ಯಾಯಮೂರ್ತಿಯನ್ನು ಮಾರನೇ ದಿನವೇ ಮನೆಗೆ ಕಳಿಸುವಂತಿದ್ದರೆ ನಾಳೆ ನಮ್ಮ ನಿಮ್ಮ ಕೇಸಿನಲ್ಲಿ ಧೈರ್ಯವಾಗಿ ತೀರ್ಪು ಕೊಡೋರು ಯಾರು? ಬೀಗ ಗಟ್ಟಿಯಾಗಿರಲೇಬೇಕು. ಆದರೆ ಅದೇ ಬೀಗ ತಪ್ಪು ಮಾಡಿದವರನ್ನೂ ಕಾಯುತ್ತೆ ಅನ್ನೋದೂ ಅಷ್ಟೇ ನಿಜ.

ಮುಂದಿನ ಸಲ ಇಂಥ ಸುದ್ದಿ ಬಂದಾಗ ಪರ ಎಷ್ಟು, ವಿರೋಧ ಎಷ್ಟು ಅಂತ ನೋಡಿ ಸುಮ್ಮನಾಗೋದು ಬೇಡ. ಸುಮ್ಮನೆ ಕೂತವರು ಎಷ್ಟು ಮಂದಿ ಅಂತಾನೂ ಕೇಳೋಣ.