ಉಸಿರಿನ ಯಂತ್ರವೂ ಹೊಟ್ಟೆಗೆ ಒಗ್ಗದ ಆಹಾರವೂ

ಕಳೆದ ಶ್ರಾವಣದ ಒಂದು ಮುಂಜಾನೆ ನಮಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಮಾಸ್ತರರೊಬ್ಬರು ಚಿಕಿತ್ಸಾಲಯಕ್ಕೆ ಬಂದರು. ಎಂದಿನಂತೆ ಹಳೆಯ ಚೀಟಿಗಳ ಕಟ್ಟನ್ನು ತೆಗೆಯದೆ, ಜುಬ್ಬದ ಜೇಬಿನಿಂದ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಯಂತ್ರವನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಐರ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ಮಗ ತಂದುಕೊಟ್ಟದ್ದಂತೆ. ನಮ್ಮೆದುರೇ ಅದರೊಳಗೆ ಉಸಿರು ಊದಿ, ಮೊಬೈಲಿನ ತೆರೆಯನ್ನು ನಮ್ಮತ್ತ ತಿರುಗಿಸಿದರು. ಅಲ್ಲಿ ಎಂಟು ಎಂಬ ಅಂಕಿ ಇತ್ತು. “ಸಾಹೇಬ್ರ, ಆರಕ್ಕ ಒಂದ್ ಲೋಟ ಹಾಲು ಕುಡದೀನಿ, ಈಗ ಎಂಟೂವರಿ ಆಗೇದ. ಕುಡಿಯೂಕಿಂತ ಮೊದಲ ಇದು ಒಂದ ಇತ್ತು. ಮಷೀನು ಸುಳ್ಳ ಹೇಳೂದಿಲ್ರೀ” ಎಂದರು.

ಅವರ ಮಾತಿನಲ್ಲಿ ನಮಗೊಂದು ಮೊನೆಯಿತ್ತು. ಮಲಬದ್ಧತೆಗೆಂದು ರಾತ್ರಿ ಮಲಗುವ ಮುನ್ನ ಬಿಸಿ ಹಾಲಿಗೆ ತುಪ್ಪ ಹಾಕಿ ಕುಡಿಯಲು ಮೂರು ವರ್ಷಗಳ ಹಿಂದೆ ಅವರಿಗೆ ಹೇಳಿದವರು ನಾವೇ. ಹೊಟ್ಟೆ ಉಬ್ಬರವೆಂದು ಅವರು ಪದೇ ಪದೇ ಬಂದಾಗ ಮಂದಾಗ್ನಿಯೆಂದು ಬಗೆದು ಚೂರ್ಣವನ್ನು ಬದಲಿಸುತ್ತಾ ಬಂದೆವೇ ಹೊರತು ಹಾಲನ್ನು ಪ್ರಶ್ನಿಸಲಿಲ್ಲ. ಹಾಲು ಸಾತ್ವಿಕ, ಹಾಲು ಪೂರ್ಣಾಹಾರ ಎಂಬ ನಂಬಿಕೆ ವೈದ್ಯನ ಕಣ್ಣಿಗೂ ಪರದೆಯಾಗಬಲ್ಲದು. ಆ ಯಂತ್ರ ನಮ್ಮನ್ನು ಪುನಃ ಪುಸ್ತಕದ ಮುಂದೆ ಕೂರಿಸಿತು.

ಉಸಿರಿಗೂ ಉಂಡ ಅನ್ನಕ್ಕೂ ಇರುವ ಸಂಬಂಧ ಸರಳವಾದುದು. ಮನುಷ್ಯನ ಜೀವಕೋಶಗಳು ಜಲಜನಕ ಅನಿಲವನ್ನು ತಯಾರಿಸುವುದಿಲ್ಲ. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಶರ್ಕರವು ದೊಡ್ಡ ಕರುಳನ್ನು ಸೇರಿದಾಗ ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುದುಗಿಸುತ್ತವೆ. ದೋಸೆಯ ಹಿಟ್ಟು ರಾತ್ರಿ ಉಬ್ಬಿಬರುವ ಹಾಗೆಯೇ. ಆಗ ಹುಟ್ಟುವ ಜಲಜನಕದಲ್ಲಿ ಒಂದು ಪಾಲು ಅಪಾನವಾಯುವಾಗಿ ಹೋದರೆ, ಇನ್ನೊಂದು ಪಾಲು ಕರುಳಿನ ಗೋಡೆಯ ಮೂಲಕ ರಕ್ತವನ್ನು ಸೇರಿ, ಶ್ವಾಸಕೋಶವನ್ನು ತಲುಪಿ, ಉಸಿರಿನೊಡನೆ ಹೊರಬೀಳುತ್ತದೆ. ಉಸಿರಿನಲ್ಲಿ ಜಲಜನಕ ಏರಿತೆಂದರೆ ಒಳಗೆಲ್ಲೋ ಹುದುಗುವಿಕೆ ನಡೆದಿದೆ ಎಂದರ್ಥ. ಅಮೆರಿಕದ ವೈದ್ಯ ಮೈಕೆಲ್ ಲೆವಿಟ್ ಅವರು ಮಾನವ ದೇಹದಲ್ಲಿ ಈ ಅನಿಲದ ಉತ್ಪತ್ತಿ ಮತ್ತು ವಿಸರ್ಜನೆಯ ಕುರಿತು 1969ರಲ್ಲಿಯೇ ಬರೆದರು. ಅನಂತರ ದೊಡ್ಡ ಆಸ್ಪತ್ರೆಗಳಲ್ಲಿ ಇದೊಂದು ರೂಢಿಯ ಪರೀಕ್ಷೆಯಾಯಿತು. ಡಬ್ಲಿನ್ನಿನ ಫುಡ್‌ಮಾರ್ಬಲ್ ಎಂಬ ಸಂಸ್ಥೆ ಅದನ್ನೇ ‘ಏರ್’ ಎಂಬ ಹೆಸರಿನ ಪುಟ್ಟ ಯಂತ್ರವಾಗಿಸಿ ಮನೆಗೆ ತಂದಿದೆ. ಅದರ ಎರಡನೆಯ ಮಾದರಿ ಜಲಜನಕದೊಡನೆ ಮೀಥೇನನ್ನೂ ಅಳೆಯುತ್ತದೆ. ಉಂಡದ್ದು, ಉಬ್ಬರ, ನೋವು, ನಿದ್ರೆ ಇವೆಲ್ಲವನ್ನೂ ಮೊಬೈಲಿನ ಆ್ಯಪಿನಲ್ಲಿ ದಾಖಲಿಸಬಹುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್, ಸಾರ್ಬಿಟಾಲ್, ಇನ್ಯುಲಿನ್ ಇವನ್ನು ಒಂದೊಂದಾಗಿ ಕುಡಿದು ಪರೀಕ್ಷಿಸಿಕೊಳ್ಳಲು ಪುಡಿಯ ಪೊಟ್ಟಣಗಳೂ ದೊರೆಯುತ್ತವೆ.

ಮೀಥೇನ್ ಏಕೆ ಬೇಕು ಎಂದು ಕೇಳಬಹುದು. ಕೆಲವರ ಕರುಳಿನಲ್ಲಿ ಜಲಜನಕವನ್ನೇ ಉಂಡು ಬದುಕುವ ಬೇರೊಂದು ಬಗೆಯ ಸೂಕ್ಷ್ಮಾಣುಗಳಿವೆ. ಜಲಜನಕದ ನಾಲ್ಕು ಅಣುಗಳನ್ನು ನುಂಗಿ ಅವು ಮೀಥೇನಿನ ಒಂದು ಅಣುವನ್ನು ಹೊರಬಿಡುತ್ತವೆ. ಇಂಥವರಲ್ಲಿ ಜಲಜನಕವನ್ನಷ್ಟೇ ಅಳೆದರೆ ಎಲ್ಲವೂ ಸರಿಯಿದೆ ಎಂಬ ತಪ್ಪು ಉತ್ತರ ಬರುತ್ತದೆ. ಮೀಥೇನ್ ಹೆಚ್ಚಿರುವವರಲ್ಲಿ ಮಲಬದ್ಧತೆಯೂ ಹೆಚ್ಚಾಗಿ ಕಂಡುಬರುತ್ತದೆ.

ಮಾಸ್ತರರ ವಿಷಯದಲ್ಲಿ ಯಂತ್ರ ಹೇಳಿದ್ದು ನಿಜವೇ ಆಗಿತ್ತು. ಹಾಲಿನ ಲ್ಯಾಕ್ಟೋಸನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳವೆಯಲ್ಲಿ ಅದು ಎಲ್ಲರಲ್ಲಿಯೂ ಸಮೃದ್ಧ. ಬೆಳೆದಂತೆ ಬಹುಪಾಲು ಜನರಲ್ಲಿ ಕುಗ್ಗುತ್ತದೆ. ವಯಸ್ಸಾದ ಮೇಲೂ ಅದನ್ನು ಉಳಿಸಿಕೊಡುವ ಆನುವಂಶಿಕ ಗುಣವು ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಆದುದರಿಂದ ಹಾಲು ಒಗ್ಗದಿರುವುದು ನಮ್ಮ ಸೀಮೆಯಲ್ಲಿ ರೋಗವಲ್ಲ, ಸಹಜ ಸ್ಥಿತಿಗಳಲ್ಲೊಂದು. ಇಂಥವರಲ್ಲಿಯೂ ಅನೇಕರು ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಎಂದರೆ ಒಂದು ಲೋಟ ಹಾಲನ್ನು, ಊಟದ ಜೊತೆಗೆ ತೆಗೆದುಕೊಂಡರೆ ವಿಶೇಷ ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಬರಿಹೊಟ್ಟೆಯಲ್ಲಿ ಕುಡಿದರೆ ತೊಂದರೆ ಹೆಚ್ಚು. ಮೊಸರು ಹೆಪ್ಪಾಗುವಾಗ ಲ್ಯಾಕ್ಟೋಸಿನ ಒಂದು ಅಂಶ ಹುಳಿಯಾಗಿ ಮಾರ್ಪಡುತ್ತದೆ. ಉಳಿದುದನ್ನು ಅರಗಿಸಲು ಮೊಸರಿನ ಸೂಕ್ಷ್ಮಾಣುಗಳೇ ನೆರವಾಗುತ್ತವೆ. ಗ್ರಹಣೀರೋಗದಲ್ಲಿ ಚರಕಸಂಹಿತೆಯು ತಕ್ರಕ್ಕೆ, ಎಂದರೆ ಮಜ್ಜಿಗೆಗೆ, ಕೊಟ್ಟಿರುವ ಹಿರಿಮೆಯನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಕಂಠಪಾಠ ಮಾಡಿದ್ದೆವು. ಮಾಸ್ತರರಿಗೆ ಹಾಲು ಬರೆದುಕೊಡುವಾಗ ಅದು ನೆನಪಿಗೆ ಬರಲಿಲ್ಲ. ಅಂದೇ ಹಾಲನ್ನು ನಿಲ್ಲಿಸಿ ಜೀರಿಗೆ, ಶುಂಠಿ ಬೆರೆಸಿದ ಮಜ್ಜಿಗೆಯನ್ನು ಹೇಳಿದೆವು. ಹದಿನೈದು ದಿನಗಳಲ್ಲಿ ಉಬ್ಬರ ಇಳಿಯಿತು. ಜಲಜನಕದ ಸಂಗತಿ ಋಷಿಗಳಿಗೆ ಮೊದಲೇ ತಿಳಿದಿತ್ತೆಂದು ಯಾರಾದರೂ ಹೇಳಿದರೆ ವಾಚಕರು ನಂಬಬೇಕಾಗಿಲ್ಲ. ಆದರೆ ಯಾವ ಆಹಾರದಿಂದ ಸುಖ, ಯಾವುದರಿಂದ ಅಸುಖ ಎಂಬುದನ್ನು ಕೊಟ್ಟು ನೋಡಿ, ಬಿಡಿಸಿ ನೋಡಿ ರೋಗವನ್ನು ನಿರ್ಣಯಿಸುವ ‘ಉಪಶಯ’ವು ನಿದಾನಪಂಚಕದಲ್ಲಿ ಒಂದಾಗಿ ನಮ್ಮ ಶಾಸ್ತ್ರದಲ್ಲಿದೆ. ಯಂತ್ರವಿರಲಿ ಇಲ್ಲದಿರಲಿ, ಕೆಲಸ ಮಾಡುವುದು ಆ ವಿಧಾನವೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಯುಗಾದಿಯ ಹೊತ್ತಿಗೆ ಮಾಸ್ತರರು ಪುನಃ ಬಂದಾಗ ನಮಗೆ ಗುರುತೇ ಸಿಗಲಿಲ್ಲ. ತೂಕ ಒಂಬತ್ತು ಕಿಲೋ ಇಳಿದಿತ್ತು. ಪ್ರತಿ ಊಟದ ನಂತರ ಊದುವುದು, ಅಂಕಿ ಏರಿದರೆ ಆ ಪದಾರ್ಥವನ್ನು ಬಿಡುವುದು, ಹೀಗೆ ನಡೆದಿತ್ತು ಅವರ ದಿನಚರಿ. ಮೊದಲು ಕಡಲೆ, ಹೆಸರುಕಾಳು ಹೋದವು, ಆಮೇಲೆ ತೊಗರಿಬೇಳೆ, ಅನಂತರ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ, ಸೇಬು, ಹಲಸು. ಕೊನೆಗೆ ಉಳಿದದ್ದು ಅನ್ನ ಮತ್ತು ತೆಳು ಮಜ್ಜಿಗೆ. “ಅಂಕಿ ಈಗ ಎರಡರ ಮ್ಯಾಲ ಹೋಗೂದ ಇಲ್ರೀ” ಎಂದು ಅವರು ಸಂತೋಷದಿಂದಲೇ ಹೇಳಿದರು. ಪಕ್ಕದಲ್ಲಿ ಕುಳಿತ ಅವರ ಮನೆಯವರು ಮಾತಾಡಲಿಲ್ಲ.

ಯಂತ್ರದ ಅಂಕಿ ರೋಗದ ಅಳತೆಯಲ್ಲ, ಹುದುಗುವಿಕೆಯ ಅಳತೆ ಮಾತ್ರ. ಬೇಳೆಕಾಳುಗಳನ್ನು ಉಂಡ ಆರೋಗ್ಯವಂತನ ಉಸಿರಿನಲ್ಲಿಯೂ ಜಲಜನಕ ಏರುತ್ತದೆ. ಅವುಗಳಲ್ಲಿರುವ ಕೆಲವು ಶರ್ಕರಗಳನ್ನು ಒಡೆಯುವ ಕಿಣ್ವ ಯಾವ ಮನುಷ್ಯನಿಗೂ ಇಲ್ಲ. ಅಷ್ಟೇ ಅಲ್ಲ, ಆ ಹುದುಗುವಿಕೆಯಿಂದ ಹುಟ್ಟುವ ಆಮ್ಲಗಳೇ ದೊಡ್ಡ ಕರುಳಿನ ಒಳಪದರಕ್ಕೆ ಆಹಾರ. ಅಂಕಿಯೂ ಏರಿ, ಅದೇ ಹೊತ್ತಿನಲ್ಲಿ ನೋವು, ಉಬ್ಬರ, ಭೇದಿಗಳೂ ಕಾಣಿಸಿಕೊಂಡರೆ ಮಾತ್ರ ಅದಕ್ಕೆ ಅರ್ಥವುಂಟು. ಅಂಕಿ ಏರಿಯೂ ಹೊಟ್ಟೆ ಸುಮ್ಮನಿದ್ದರೆ ಆ ಆಹಾರವನ್ನು ನಿಶ್ಚಿಂತೆಯಿಂದ ಉಣ್ಣಬಹುದು. ಆಸ್ಪತ್ರೆಯಲ್ಲಿ ಕೂಡ ಆರಂಭದ ಮಟ್ಟಕ್ಕಿಂತ ಜಲಜನಕವು ದಶಲಕ್ಷಕ್ಕೆ 20 ಭಾಗದಷ್ಟಾದರೂ ಏರಿದಾಗ ಮಾತ್ರ ಪರೀಕ್ಷೆಯನ್ನು ಧನಾತ್ಮಕವೆಂದು ಎಣಿಸುತ್ತಾರೆ. ಜೊತೆಗೆ ರೋಗಿಯ ಲಕ್ಷಣಗಳನ್ನೂ ಬರೆದುಕೊಳ್ಳುತ್ತಾರೆ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿತ್ತು. ಮಾಸ್ತರರ ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂಬತ್ತಕ್ಕೂ ಕಡಿಮೆ. ಪಥ್ಯದಿಂದಾದ ನಿಶ್ಶಕ್ತಿ ಎಂದು ಲೋಹಭಸ್ಮವನ್ನು ಬರೆದುಕೊಟ್ಟು ಕಳುಹಿಸಬಹುದಿತ್ತು. ಒಮ್ಮೆ ತಪ್ಪಿದ್ದ ಕೈ ಈ ಸಲ ತಡೆಯಿತು. ಅರವತ್ತು ದಾಟಿದ ಗಂಡಸಿನಲ್ಲಿ ರಕ್ತ ಕಡಿಮೆಯಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಜಿಲ್ಲಾಕೇಂದ್ರದ ಉದರರೋಗ ತಜ್ಞರ ಬಳಿಗೆ ಕಳುಹಿಸಿದೆವು. ದೊಡ್ಡ ಕರುಳಿನೊಳಗೆ ನಳಿಕೆ ಹಾಕಿ ನೋಡಿದಾಗ ರಕ್ತ ಜಿನುಗುವ ಪಾಲಿಪ್ ಎಂಬ ಮಾಂಸದ ಗಂಟೊಂದು ಸಿಕ್ಕಿತು. ಅದನ್ನು ಆಗಲೇ ತೆಗೆದರು. ಹಾಗೆಯೇ ಬಿಟ್ಟರೆ ಇಂಥ ಗಂಟುಗಳಲ್ಲಿ ಕೆಲವು ವರ್ಷಗಳ ನಂತರ ಅರ್ಬುದಕ್ಕೆ ತಿರುಗುತ್ತವೆ. ಉಸಿರಿನ ಯಂತ್ರಕ್ಕೆ ಇದಾವುದೂ ಕಾಣದು. ಮಲದಲ್ಲಿ ರಕ್ತ, ಕಾರಣವಿಲ್ಲದ ತೂಕನಷ್ಟ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಳಿಚಿದ ಮೈ, ಐವತ್ತರ ಮೇಲೆ ಹೊಸದಾಗಿ ಆರಂಭವಾದ ಹೊಟ್ಟೆಯ ತೊಂದರೆ ಇವುಗಳಲ್ಲಿ ಒಂದಿದ್ದರೂ ಊದುವುದನ್ನು ಬಿಟ್ಟು ಮೊದಲು ವೈದ್ಯರನ್ನು ಕಾಣಬೇಕು. ಶೇಂಗಾ ತಿಂದೊಡನೆ ತುಟಿ ಬಾತು ಉಸಿರು ಕಟ್ಟುವಂಥ ಅಲರ್ಜಿಯನ್ನೂ, ಗೋಧಿಯ ಗ್ಲುಟೆನ್‌ನಿಂದ ಬರುವ ಸೀಲಿಯಾಕ್ ರೋಗವನ್ನೂ ಈ ಯಂತ್ರ ಹಿಡಿಯಲಾರದು. ಅವುಗಳ ಪರೀಕ್ಷೆಗಳೇ ಬೇರೆ.

ಇಷ್ಟಾಗಿಯೂ ಯಂತ್ರವನ್ನು ನಾವು ಹಳಿಯುವುದಿಲ್ಲ. ಒಂದು ಹನಿ ರಕ್ತದಲ್ಲಿ ನೂರಾರು ಆಹಾರಗಳ ಅಸಹನೆಯನ್ನು ಪತ್ತೆಹಚ್ಚುತ್ತೇವೆಂದು ಐಜಿಜಿ ಪರೀಕ್ಷೆಯನ್ನು ಮಾರುವವರಿಗಿಂತ ಇದು ಎಷ್ಟೋ ಮೇಲು. ಆ ರಕ್ತಪರೀಕ್ಷೆ ಹೇಳುವುದು ನೀವು ಏನನ್ನು ಉಂಡಿದ್ದೀರಿ ಎಂಬುದನ್ನೇ ಹೊರತು ಏನು ಒಗ್ಗುವುದಿಲ್ಲ ಎಂಬುದನ್ನಲ್ಲ. ಯಂತ್ರವನ್ನು ಬಳಸುವವರು ಹಿಂದಿನ ರಾತ್ರಿ ಕಾಳು, ಉಳ್ಳಾಗಡ್ಡಿ, ಹಣ್ಣುಗಳಿಲ್ಲದೆ ಬರೀ ಅನ್ನ, ಉಪ್ಪು, ತುಪ್ಪ ಉಂಡು, ಹನ್ನೆರಡು ತಾಸು ನೀರಿನ ಹೊರತು ಏನನ್ನೂ ಸೇವಿಸದೆ, ಬಾಯಿ ಮುಕ್ಕಳಿಸಿ ಮೊದಲ ಉಸಿರನ್ನು ಊದಬೇಕು. ಅನಂತರ ಪರೀಕ್ಷೆಯ ಪದಾರ್ಥವೊಂದನ್ನೇ ಸೇವಿಸಿ, ಮೂರು ತಾಸುಗಳವರೆಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಊದಬೇಕು. ಆ ಹೊತ್ತಿನಲ್ಲಿ ಬೀಡಿ ಸಿಗರೇಟು, ಬಿರುಸು ನಡಿಗೆ, ನಿದ್ದೆ ಬೇಡ. ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ನಾಲ್ಕು ವಾರ ಕಾಯಬೇಕು. ಹುಟ್ಟಿನಿಂದಲೇ ಫ್ರಕ್ಟೋಸನ್ನು ಅರಗಿಸಲಾರದ ಅಪರೂಪದ ಆನುವಂಶಿಕ ರೋಗವುಳ್ಳವರಿಗೆ ಫ್ರಕ್ಟೋಸ್, ಸಾರ್ಬಿಟಾಲ್ ಪೊಟ್ಟಣಗಳು ಅಪಾಯಕರ. ಮಕ್ಕಳಿಗೂ ಮಧುಮೇಹಿಗಳಿಗೂ ಇವನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಯಂತ್ರದ ಬೆಲೆ ಸಾವಿರಾರು ರೂಪಾಯಿಗಳದು. ಅದಿಲ್ಲದವರಿಗೆ ಎಂಟಾಣೆ ಪೆನ್ಸಿಲೂ ಒಂದು ವಹಿಯೂ ಸಾಕು. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಫಾಡ್‌ಮ್ಯಾಪ್ ಎಂದು ಪ್ರಸಿದ್ಧವಾದ ಪಥ್ಯದ ತಿರುಳಿಷ್ಟು: ಸುಲಭವಾಗಿ ಹುದುಗುವ ಶರ್ಕರಗಳುಳ್ಳ ಆಹಾರವನ್ನು ಎರಡರಿಂದ ಆರು ವಾರ ಮಾತ್ರ ಬಿಟ್ಟು, ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಮರಳಿ ತಂದು ನೋಡುವುದು. ಬಿಡುವುದನ್ನು ಎಲ್ಲರೂ ಮಾಡುತ್ತಾರೆ, ಮರಳಿ ತರುವುದನ್ನು ಮರೆಯುತ್ತಾರೆ. ಮಾಸ್ತರರು ಎಡವಿದ್ದು ಅಲ್ಲಿಯೇ. ನಮ್ಮ ಅಡುಗೆಮನೆಗೆ ಈ ಪಥ್ಯ ಕಷ್ಟವೇನಲ್ಲ. ಜೋಳ, ಅಕ್ಕಿಗಳಲ್ಲಿ ಇಂಥ ಶರ್ಕರ ಕಡಿಮೆ. ಕಾಳುಗಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ ಬೇಯಿಸಿದರೆ ಉಬ್ಬರಕ್ಕೆ ಕಾರಣವಾದ ಅಂಶದ ಒಂದು ಪಾಲು ನೀರಿನೊಡನೆ ಹೋಗುತ್ತದೆ. ಬೆಳ್ಳುಳ್ಳಿಯ ಫ್ರಕ್ಟಾನ್ ಎಣ್ಣೆಯಲ್ಲಿ ಕರಗದು. ಒಗ್ಗರಣೆಯಲ್ಲಿ ಎಸಳನ್ನು ಕೆಂಪಗೆ ಹುರಿದು ತೆಗೆದುಬಿಟ್ಟರೆ ಪರಿಮಳ ಉಳಿಯುತ್ತದೆ, ತೊಂದರೆ ಉಳಿಯದು. ಗೋಧಿಯಲ್ಲಿರುವುದೂ ಅದೇ ಫ್ರಕ್ಟಾನ್. ಗ್ಲುಟೆನ್ ಒಗ್ಗುವುದಿಲ್ಲವೆಂದು ನಂಬಿದ್ದ, ಆದರೆ ಸೀಲಿಯಾಕ್ ಇಲ್ಲದ 59 ಜನರನ್ನು ನಾರ್ವೆಯಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳನ್ನು ಹೆಚ್ಚಿಸಿದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್ ಎಂದು ಕಂಡುಬಂತು.

ಮಾಸ್ತರರಿಗೆ ವಾರಕ್ಕೊಂದು ಪದಾರ್ಥದಂತೆ ಮರಳಿ ತಂದೆವು. ಮೊದಲು ತೊಗರಿಬೇಳೆಯ ಕಟ್ಟು, ಆಮೇಲೆ ಮೊಳಕೆ ಬರಿಸಿದ ಹೆಸರುಕಾಳು, ಆಮೇಲೆ ಒಂದು ಚಪಾತಿ. ನಿಜವಾಗಿ ಒಗ್ಗದಿದ್ದದ್ದು ಲೋಟಗಟ್ಟಲೆ ಹಾಲು ಮತ್ತು ಹಸಿ ಉಳ್ಳಾಗಡ್ಡಿ, ಎರಡೇ. ಕಳೆದುಕೊಂಡ ಒಂಬತ್ತು ಕಿಲೋದಲ್ಲಿ ಏಳು ಮರಳಿ ಬಂದಿದೆ. ಮೂರು ವರ್ಷಕ್ಕೆ ಮತ್ತೊಮ್ಮೆ ಕರುಳಿನ ಪರೀಕ್ಷೆಗೆ ಬರಬೇಕೆಂದು ತಜ್ಞರು ಬರೆದುಕೊಟ್ಟ ಚೀಟಿಯನ್ನು ಅವರ ಮನೆಯವರು ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ. ಮೊನ್ನೆ ಜಾತ್ರೆಯ ದಾಸೋಹದಲ್ಲಿ ಎದುರು ಪಂಕ್ತಿಯಲ್ಲಿ ಕುಳಿತಿದ್ದ ಮಾಸ್ತರರು ಗೋಧಿ ಹುಗ್ಗಿಗೆ ಹಾಲು ಹಾಕಿಸಿಕೊಳ್ಳುವಾಗ ನಮ್ಮತ್ತ ನೋಡಿದರು. ಅರ್ಧ ಸೌಟು ಎಂದು ಕೈಸನ್ನೆ ಮಾಡಿದೆವು.