ಏಕತಾರಿಯಿಂದ ಗಿಟಾರಿಗೆ ಬಂದ ಶರೀಫರು

ಕಳೆದ ಶ್ರಾವಣದಲ್ಲಿ ಬನಹಟ್ಟಿಯ ನೇಕಾರ ಓಣಿಯೊಂದರಲ್ಲಿ ಹೋಗುತ್ತಿದ್ದಾಗ, ಮಗ್ಗಗಳ ಸದ್ದನ್ನು ಮೀರಿ ಶಿಶುನಾಳ ಶರೀಫ ಸಾಹೇಬರ ‘ಸೋರುತಿಹುದು ಮನಿಯ ಮಾಳಿಗಿ’ ಕೇಳಿಬಂದಿತು. ಜೊತೆಗಿದ್ದುದು ಏಕತಾರಿಯಲ್ಲ, ಗಿಟಾರು! ಮಠದ ಜಗುಲಿಯಲ್ಲಿ ಕುಳಿತು ತತ್ವಪದ ಕಲಿತ ನನಗೆ ಮೊದಲು ಸಿಟ್ಟೇ ಬಂದಿತು.

ಹಾಡಿದವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಚಲನಚಿತ್ರದ ಹಂಗಿಲ್ಲದ ಅವರ ಮೊದಲ ಧ್ವನಿಸಂಪುಟ 2008ರಲ್ಲಿ ಹೊರಬಂದಿತು. ಪ್ರಕಟಿಸಿದವರು ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್. ಹಿಂದಿ ಹಾಡುಗಳ ನಡುವೆ ಶರೀಫರ ಎರಡು ಪದಗಳನ್ನಿರಿಸಿ, ರಾಕ್ ಎಂಬ ಪಾಶ್ಚಾತ್ಯ ಸಂಗೀತದೊಡನೆ ಅವನ್ನು ಬೆಸೆದ ಪ್ರಯೋಗವದು.

ಶರೀಫರು (1819–1889) ಮುಸಲ್ಮಾನರು, ಅವರ ಗುರು ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಅವರ ಪದಗಳನ್ನು ಕಾಪಾಡಿದವು ಜಮಖಂಡಿ, ಮುಧೋಳ, ಬೀಳಗಿಗಳಂತಹ ನಾಡಿನ ಭಜನಾ ಮೇಳಗಳು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಲ್ಲಿ ಸಿ. ಅಶ್ವತ್ಥರ ವಾದ್ಯವೃಂದವನ್ನು ತಲೆದೂಗಿ ಒಪ್ಪಿದ ನಾವು ಗಿಟಾರನ್ನಷ್ಟೇ ದೂರುವುದು ಯಾವ ನ್ಯಾಯ?

ನನ್ನ ತಕರಾರು ಬೇರೆ. ‘ಗುಡುಗುಡಿಯ ಸೇದಿ ನೋಡೋ’ ಪದದಲ್ಲಿ ತಾಳದ ಭರಕ್ಕೆ ಕೇಳುಗರು ಕುಣಿಯತೊಡಗುತ್ತಾರೆ. ಒಳಗಿನ ಕೇಡನ್ನು ಸುಡುವ ಅನುಭಾವ ಹೊಗೆಯಂತೆ ಹಾರಿಹೋಗುತ್ತದೆ. ಮಾಳಿಗೆಯ ಪದದಲ್ಲಿ ಹಾಗಾಗಿಲ್ಲ. ಅಲ್ಲಿ ಕಂಠದ ಕಳವಳ ಪದದ ಕಳವಳವೇ ಆಗಿದೆ.

ಹಾಡು ಕೇಳುತ್ತಿದ್ದ ಮಗ್ಗದ ಹುಡುಗನನ್ನು ಮಾತನಾಡಿಸಿದೆ. ಭಜನೆಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾದವನು. “ಅಜ್ಜಾರ, ಮಾಳಿಗಿ ಅಂದ್ರ ಸ್ಲ್ಯಾಬ್ ಏನ್ರೀ?” ಎಂದು ಕೇಳಿದ. ನಾನು ಒಂದು ಗಳಿಗೆ ಸುಮ್ಮನಾದೆ. ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಳೆಗಾಲಕ್ಕೆ ಮುನ್ನ ಹತ್ತಿ ಸವಳು ಮಣ್ಣು ಹಾಕಿ ಬಿರುಕು ಮುಚ್ಚುವ ಯಜಮಾನ. ಒಂದು ವರುಷ ಅಲಕ್ಷಿಸಿದರೆ ರಾತ್ರಿಯೆಲ್ಲ ಪಾತ್ರೆಯಿಟ್ಟು ಹನಿ ಹಿಡಿಯುವ ತಾಯಿ. ಇದನ್ನು ಕಾಣದವನಿಗೆ ಶರೀಫರ ದೇಹವೆಂಬ ಮನೆ ಸೋರುವುದೆಂತು? ಪದ ಉಳಿದು ಮನೆಯೇ ಹೋಗಿರುವಾಗ, ಏಕತಾರಿ ಹಿಡಿದ ನಾವಾದರೂ ಇದನ್ನು ಯಾರಿಗೆ ಬಿಡಿಸಿ ಹೇಳಿದ್ದೆವು? ಅವನನ್ನು ಕೇಳುವಂತೆ ಮಾಡಿದ್ದು ಗಿಟಾರು.

ಮರು ಸೋಮವಾರ ರಾತ್ರಿ ಅವನು ಗೆಳೆಯನ ಗಿಟಾರಿನೊಂದಿಗೆ ಭಜನೆಗೆ ಬಂದ. ಏಕತಾರಿಯ ಶ್ರುತಿಗೆ ಅದನ್ನು ಹೊಂದಿಸಲು ಅರ್ಧ ತಾಸು ಹಿಡಿಯಿತು. ದಮ್ಮಡಿಯವರು ಗೊಣಗಿದರು. ಅಷ್ಟರೊಳಗೆ ಚಹಾ ಎರಡು ಸಲ ಬಂದುಹೋಗಿತ್ತು.