ಹಲ್ಲಿನ ಬೇರಿನ ಚಿಕಿತ್ಸೆ ಎಂದರೇನು? (ನನ್ನ ಅನುಭವ)



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನೀವೆಲ್ಲ ಹಂಪಿ ಪ್ರವಾಸದ ಬಗ್ಗೆ ಬರೆದಿದ್ದಿರಿ. ನಾನು ಬರೆಯಲಿಲ್ಲ. ಯಾಕೆಂದರೆ ನಾನು ಹೋಗಿರಲಿಲ್ಲ. ಜ್ವರ ಬಂದಿತ್ತು ಅಂತ ನಿಮಗೆ ಹೇಳಿದ್ದೆ. ಅದು ಸುಳ್ಳು. ಪ್ರವಾಸದ ಹಣ ನನ್ನ ಹಲ್ಲಿಗೆ ಖರ್ಚಾಗಿತ್ತು. ಈಗ ನಾನು ಬಾಯಿ ಬಿಟ್ಟು ನಕ್ಕರೆ ಬಲಗಡೆ ಕೆಳಗೆ ಒಂದು ಸ್ಟೀಲ್ ಹಲ್ಲು ಕಾಣುತ್ತೆ. ಅದನ್ನು ನೋಡಿ ಕೆಲವು ಹುಡುಗರು ನನ್ನನ್ನು ‘ಸ್ಟೀಲ್ ಲೋಟ’ ಅಂತ ಕರೀತಾರೆ. ಕರೆಯಲಿ. ಆದರೆ ಅದು ಯಾಕೆ ಬಂತು, ಹೇಗೆ ಹಾಕಿದ್ರು ಅಂತ ತಿಳಿದುಕೊಂಡು ಕರೆಯಲಿ. ಅದಕ್ಕೇ ಈ ಲೇಖನ ಬರೆದಿದ್ದೇನೆ.

ನನ್ನ ತಪ್ಪು

ಜುಲೈ ತಿಂಗಳಲ್ಲಿ ನಮ್ಮ ಶಾಲೆಗೆ ಆರೋಗ್ಯ ತಪಾಸಣೆ ಮಾಡುವವರು ಬಂದಿದ್ದರು. ನೆನಪಿದೆಯಾ? ಎಲ್ಲರ ಕಣ್ಣು, ಕಿವಿ, ಹಲ್ಲು ನೋಡಿದ್ರು. ಆಗಲೇ ನನ್ನ ದವಡೆ ಹಲ್ಲಿನಲ್ಲಿ ಸಣ್ಣ ಕಪ್ಪು ತೂತು ಇತ್ತು. ಸೂಜಿ ಚುಚ್ಚುತ್ತಾರೆ ಅಂತ ಹೆದರಿ ನಾನು ಮುಂದಿನ ಹಲ್ಲು ಮಾತ್ರ ‘ಈ’ ಅಂತ ತೋರಿಸಿ ಓಡಿ ಬಂದೆ. ಅವತ್ತು ಆ ಅಂತ ಬಾಯಿ ಬಿಟ್ಟಿದ್ದರೆ ಈ ಲೇಖನ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಗಣೇಶನ ಹಬ್ಬದ ಹೊತ್ತಿಗೆ ತಣ್ಣೀರು ಕುಡಿದರೆ ಜುಂ ಅನ್ನತೊಡಗಿತು. ದಸರಾ ರಜೆಯಲ್ಲಿ ರಾತ್ರಿ ನೋವು ಶುರುವಾಯ್ತು. ಹಗಲು ಸುಮ್ಮನಿದ್ದು ಮಲಗಿದ ಕೂಡಲೇ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಅಜ್ಜಿ “ಹಲ್ಲಿಗೆ ಹುಳ ಬಿದ್ದೈತಿ” ಅಂತ ಹೇಳಿ ಲವಂಗ ಜಜ್ಜಿ ಇಟ್ಟಳು. ಸ್ವಲ್ಪ ಕಡಿಮೆ ಆಯ್ತು. ಮತ್ತೆ ಬಂತು. ನಾಲ್ಕು ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದೆ. ಐದನೇ ದಿನ ನೋವು ತಾನಾಗಿಯೇ ನಿಂತಿತು! ವಾಸಿಯಾಯ್ತು ಅಂತ ಖುಷಿಯಾಗಿ ದೀಪಾವಳಿಗೆ ಕರ್ಜಿಕಾಯಿ, ಹೋಳಿಗೆ ಎಲ್ಲಾ ತಿಂದೆ. ನವೆಂಬರ್ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದರೆ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು.

ಹಲ್ಲಿನ ಒಳಗೆ ಏನಿದೆ?

ಹಲ್ಲು ಬರೀ ಕಲ್ಲಿನ ಥರ ಅಂತ ನಾನು ತಿಳಿದಿದ್ದೆ. ಅಲ್ಲ. ಅದರಲ್ಲಿ ಮೂರು ಪದರ ಇವೆ. ಮೇಲಿನದು ಎನಾಮಲ್. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಸ್ತು ಇದೇ, ಮೂಳೆಗಿಂತಲೂ ಗಟ್ಟಿ. ಅದರ ಕೆಳಗೆ ಡೆಂಟಿನ್. ನಡುವೆ ಮೆತ್ತಗಿನ ತಿರುಳು. ಈ ತಿರುಳಿನಲ್ಲಿ ರಕ್ತನಾಳ ಮತ್ತು ನರಗಳಿವೆ. ತಿರುಳು ಸಣ್ಣ ಕಾಲುವೆಗಳ ಮೂಲಕ ಬೇರಿನ ತುದಿಯವರೆಗೆ ಇಳಿದಿರುತ್ತದೆ. ರೂಟ್ ಅಂದರೆ ಬೇರು, ಕೆನಾಲ್ ಅಂದರೆ ಕಾಲುವೆ. ಅದಕ್ಕೇ ಈ ಚಿಕಿತ್ಸೆಗೆ ರೂಟ್ ಕೆನಾಲ್ ಅಂತ ಹೆಸರು.

ಹಾಗಾದರೆ ಹುಳ? ಹಲ್ಲಿನಲ್ಲಿ ಹುಳ ಇರುವುದಿಲ್ಲ. ನಮ್ಮ ಬಾಯಿಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. ನಾವು ತಿಂದ ಸಿಹಿ ಹಲ್ಲಿಗೆ ಅಂಟಿಕೊಂಡರೆ ಅವು ಅದನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಎನಾಮಲ್‌ಅನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಇದನ್ನು ವಿಲ್ಲೋಬಿ ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯರು ಜರ್ಮನಿಯಲ್ಲಿದ್ದಾಗ ಪ್ರಯೋಗ ಮಾಡಿ, 1890ರಲ್ಲಿ ಪುಸ್ತಕ ಬರೆದು ತಿಳಿಸಿದರು. ಹಾಗಂತ ನಮ್ಮ ಅಜ್ಜಿಯ ಲವಂಗ ಸುಳ್ಳಲ್ಲ. ಲವಂಗದಲ್ಲಿ ಯೂಜಿನಾಲ್ ಎಂಬ ಎಣ್ಣೆ ಇದೆ, ಅದು ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಆದರೆ ತೂತನ್ನು ಮುಚ್ಚುವುದಿಲ್ಲ.

ನೋವು ಯಾಕೆ ಅಷ್ಟು ಜೋರು ಎಂದರೆ, ಕೈಗೆ ಗಾಯ ಆದರೆ ಊದಿಕೊಳ್ಳಲು ಜಾಗ ಇರುತ್ತದೆ. ಹಲ್ಲಿನ ತಿರುಳಿನ ಸುತ್ತ ಗಟ್ಟಿ ಗೋಡೆ ಇದೆ. ಊದಲು ಜಾಗವಿಲ್ಲದೆ ನರವನ್ನೇ ಒತ್ತುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಜಾಸ್ತಿಯಾಗಿ ನೋವೂ ಜಾಸ್ತಿ. ಕೊನೆಗೆ ನರ ಸತ್ತು ಹೋದರೆ ನೋವು ನಿಲ್ಲುತ್ತದೆ. ನನಗೆ ಆಗಿದ್ದು ಇದೇ! ನಾನು ವಾಸಿ ಅಂದುಕೊಂಡಿದ್ದು ವಾಸಿ ಅಲ್ಲ. ಒಳಗೆ ಕೊಳೆತು, ಕೀವು ಬೇರಿನ ತುದಿಯಿಂದ ಹೊರಬಂದು ಕೆನ್ನೆ ಊದಿತ್ತು.

ಕೀಳಿಸಬೇಕೋ ಉಳಿಸಬೇಕೋ

ಅಪ್ಪ ನನ್ನನ್ನು ತಾಲ್ಲೂಕಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರ್ ಊತ ಇಳಿಯಲು ಐದು ದಿನಕ್ಕೆ ಮಾತ್ರೆ ಕೊಟ್ಟು, “ಆಮೇಲೆ ಬೇರಿನ ಚಿಕಿತ್ಸೆ ಮಾಡಿ ಕ್ಯಾಪ್ ಹಾಕಬೇಕು, 6,000 ರೂಪಾಯಿ ಆಗುತ್ತೆ. ಕೀಳೋದಾದ್ರೆ 500” ಎಂದರು. ಅಪ್ಪ “ಕಿತ್ತು ಬಿಡ್ರಿ ಸಾರ್, ಇನ್ನೊಂದು ಬರ್ತೈತಿ” ಅಂದರು. ಡಾಕ್ಟರ್ “ಇದು ಹಾಲುಹಲ್ಲಲ್ಲ, ಇನ್ನೊಂದು ಬರಲ್ಲ” ಅಂತ ಹೇಳಿದಾಗ ಅಪ್ಪನಿಗೂ ನನಗೂ ಆಶ್ಚರ್ಯ ಆಯ್ತು.

ಗೆಳೆಯರೇ, ಇದನ್ನು ಚೆನ್ನಾಗಿ ನೆನಪಿಡಿ. ಹಾಲುಹಲ್ಲು 20, ಶಾಶ್ವತ ಹಲ್ಲು 32. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಾಲುಹಲ್ಲು ಅಂತ ತಿಳಿದು ಹುಳುಕಾದರೂ ಬಿಟ್ಟುಬಿಡುತ್ತಾರೆ. ನನ್ನದು ಅದೇ ಹಲ್ಲು. ಕಿತ್ತರೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ, ಅಗಿಯುವುದು ಕಷ್ಟವಾಗುತ್ತದೆ.

ಐದು ದಿನ ಮಾತ್ರೆ ನುಂಗಿದ ಮೇಲೆ ಊತ ಇಳಿಯಿತು. ಆಗ ಅಪ್ಪ “ಇಳೀತಲ್ಲ, ಇನ್ಯಾಕೆ ದುಡ್ಡು?” ಎಂದರು. ಗೊಬ್ಬರದ ಅಂಗಡಿ ಸಾಲ ಬೇರೆ ಇತ್ತು. ಆದರೆ ಡಾಕ್ಟರ್ ನನಗೆ ಒಂದು ಮಾತು ಹೇಳಿದ್ದರು. ಮಾತ್ರೆ ರಕ್ತದ ಜೊತೆ ಹೋಗುತ್ತದೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ಆದ್ದರಿಂದ ಅಲ್ಲಿರುವ ಬ್ಯಾಕ್ಟೀರಿಯಾಕ್ಕೆ ಮಾತ್ರೆ ತಲುಪುವುದೇ ಇಲ್ಲ. ಮತ್ತೆ ಊದುತ್ತದೆ. ಇದನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಅಕ್ಕಿ ಡಬ್ಬಿಯಿಂದ ಪ್ರವಾಸಕ್ಕೆ ಅಂತ ಎತ್ತಿಟ್ಟಿದ್ದ 1,200 ರೂಪಾಯಿ ತೆಗೆದಳು. ನಾನು ಅತ್ತೆ. ಅಮ್ಮ “ಹಂಪಿ ಕಲ್ಲಿನ ರಥ ಎಲ್ಲಿಗೂ ಓಡಿ ಹೋಗಲ್ಲ, ಮುಂದಿನ ವರ್ಷ ನೋಡೀಯಂತೆ” ಅಂದಳು.

ದಾವಣಗೆರೆಯಲ್ಲಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತೆ ಅಂತ ಆ ಡಾಕ್ಟರೇ ಹೇಳಿದ್ದರು. 2023ರಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ನನಗೂ ಅಮ್ಮನಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇರಲಿಲ್ಲ. ಆದರೆ ಅಮ್ಮನ ಕೂಲಿ ತಪ್ಪುತ್ತಿತ್ತು.

ಚಿಕಿತ್ಸೆ ಮಾಡುವ ವಿಧಾನ

1. ಮೊದಲು ಎಕ್ಸರೇ. ಹಲ್ಲಿನ ಪಕ್ಕ ಒಂದು ಸಣ್ಣ ಫಿಲಂ ಇಟ್ಟು ತೆಗೆದರು. ಎಕ್ಸರೇ ಕಂಡುಹಿಡಿದವರು ರಾಂಟ್‌ಜನ್, 1895ರಲ್ಲಿ (ವಿಜ್ಞಾನ ಮೇಷ್ಟ್ರು ಇದನ್ನು ಪರೀಕ್ಷೆಗೆ ಕೇಳಬಹುದು). ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ ಕಂಡಿತು. ಅಲ್ಲಿ ಮೂಳೆ ಕರಗಿದೆ ಎಂದರು.

2. ಆಮೇಲೆ ಇಂಜೆಕ್ಷನ್. ನನ್ನ ಕೈ ಕಾಲು ನಡುಗುತ್ತಿತ್ತು. ಮೊದಲು ವಸಡಿಗೆ ಒಂದು ಜೆಲ್ ಹಚ್ಚಿದರು, ಆಮೇಲೆ ಚುಚ್ಚಿದರು. ಕೆಂಪಿರುವೆ ಕಚ್ಚಿದಷ್ಟು ನೋವು. ಹತ್ತು ನಿಮಿಷಕ್ಕೆ ತುಟಿ ಪೂರಿಯಂತೆ ಊದಿದ ಹಾಗೆ ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಏನೂ ಊದಿರಲಿಲ್ಲ! “ನೋವಾದರೆ ಎಡಗೈ ಎತ್ತು, ನಿಲ್ಲಿಸ್ತೀನಿ” ಎಂದರು ಡಾಕ್ಟರ್ ಅಕ್ಕ. ಅವರು ಇನ್ನೂ ಓದುತ್ತಿರುವವರು, ದೊಡ್ಡ ಡಾಕ್ಟರ್ ಬಂದು ಬಂದು ನೋಡುತ್ತಿದ್ದರು. ನಾನು ಒಂದು ಸಲ ಕೈ ಎತ್ತಿದೆ. ನಿಜವಾಗಿಯೂ ನಿಲ್ಲಿಸಿ ಇನ್ನಷ್ಟು ಔಷಧಿ ಹಾಕಿದರು. ಆಮೇಲೆ ನೋವಾಗಲಿಲ್ಲ. ಸುಳ್ಳು ಹೇಳುತ್ತಿಲ್ಲ.

3. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಔಷಧಿ ಗಂಟಲಿಗೆ ಹೋಗದ ಹಾಗೆ, ಎಂಜಲು ಹಲ್ಲಿಗೆ ಬೀಳದ ಹಾಗೆ. ಆಮೇಲೆ ಗುಂಯ್ ಅನ್ನುವ ಮಷಿನ್‌ನಲ್ಲಿ ಹುಳುಕು ತೆಗೆದು ಮೇಲಿಂದ ಬಾಗಿಲು ಮಾಡಿದರು. ಆ ಶಬ್ದವೇ ಭಯ, ನೋವಲ್ಲ.

4. ನನ್ನ ಹಲ್ಲಿಗೆ ಎರಡು ಬೇರು, ಮೂರು ಕಾಲುವೆ. ಕೂದಲಿನಷ್ಟು ಸಣ್ಣ ಕಾಲುವೆಗಳು. ಒಂದೊಂದು ಸುಮಾರು 2 ಸೆಂ.ಮೀ. ಉದ್ದ. ಸೂಜಿಯಂಥ ಅರಗಳಿಂದ ಉಜ್ಜಿ ಉಜ್ಜಿ ಕೊಳೆ ತೆಗೆದು ಔಷಧಿ ನೀರಿನಲ್ಲಿ ತೊಳೆದರು. ಬಟ್ಟೆ ಬಿಳಿ ಮಾಡುವ ಬ್ಲೀಚಿನ ವಾಸನೆ ಬಂತು. ಕೇಳಿದೆ. ಅದು ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚಿನಲ್ಲಿ ಇರುವುದೇ ಅಂತೆ. ಒಳಗೆ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್ ಮುಚ್ಚಿ ವಾರ ಬಿಟ್ಟು ಬಾ ಎಂದರು. ಎರಡನೇ ಸಲವೂ ಹೀಗೇ ತೊಳೆದರು.

5. ಮೂರನೇ ಸಲ ಅಪ್ಪ ಬಂದಿದ್ದರು. ಅವತ್ತು ಸ್ವಚ್ಛ ಮಾಡಿದ ಕಾಲುವೆಗಳಿಗೆ ಗಟ್ಟಾಪರ್ಚಾ ಎಂಬ ಸಣ್ಣ ಕಡ್ಡಿಗಳನ್ನು ತುಂಬಿ ಮತ್ತೆ ಎಕ್ಸರೇ ತೆಗೆದರು. ನಮ್ಮ ಗದ್ದೆ ಭದ್ರಾ ನಾಲೆಯ ಕೊನೇ ಭಾಗದಲ್ಲಿದೆ, ಹೂಳು ತುಂಬಿದರೆ ನಮಗೆ ನೀರೇ ಮುಟ್ಟುವುದಿಲ್ಲ. ಎಕ್ಸರೇಯಲ್ಲಿ ಬಿಳಿ ಗೆರೆಗಳನ್ನು ನೋಡಿ ಅಪ್ಪ “ಕೊನೇ ತನಕ ಮುಟ್ಟೈತೇನವ್ವಾ?” ಅಂತ ಕೇಳಿದರು. ಡಾಕ್ಟರ್ ಅಕ್ಕ “ತುದಿಯವರೆಗೂ ಮುಟ್ಟಿದೆ” ಎಂದರು. ಆಮೇಲೆ ಅಪ್ಪ ದುಡ್ಡಿನ ಮಾತು ಎತ್ತಲಿಲ್ಲ. ಬೆಣ್ಣೆ ದೋಸೆ ಕೊಡಿಸಿದರು. ತುಟಿ ಮರಗಟ್ಟಿದ್ದರಿಂದ ಕೂಡಲೇ ತಿನ್ನುವ ಹಾಗಿರಲಿಲ್ಲ, ಕಚ್ಚಿಕೊಳ್ಳುತ್ತೇವೆ. ಎರಡು ಗಂಟೆ ಕಾದು ತಿಂದೆ!

6. ನಾಲ್ಕನೇ ಸಲ ಕ್ಯಾಪ್. ಹುಳುಕು ತೆಗೆದು ಕೊರೆದ ಹಲ್ಲಿನಲ್ಲಿ ಗೋಡೆ ಉಳಿದಿರುವುದು ಕಡಿಮೆ. ಗಟ್ಟಿ ಕಡಲೆ ಅಗಿದರೆ ಸೀಳಬಹುದು. ಅದಕ್ಕೆ ಮೇಲೆ ಟೋಪಿ. ಬಿಳಿ ಟೋಪಿಗೆ ದುಡ್ಡು ಜಾಸ್ತಿ, ಆದ್ದರಿಂದ ಸ್ಟೀಲ್. ಎಲ್ಲ ಸೇರಿ 1,450 ರೂಪಾಯಿ ಆಯ್ತು.

ನಿಮಗಿದು ಗೊತ್ತೇ?

ಗಟ್ಟಾಪರ್ಚಾ ಎಂದರೆ ಮಲೇಷ್ಯಾ ಕಡೆಯ ಒಂದು ಮರದ ಹಾಲು. ಅದಕ್ಕೆ ಸತುವಿನ ಆಕ್ಸೈಡ್ ಪುಡಿ ಬೆರೆಸಿ ಹಲ್ಲಿನ ಕಡ್ಡಿ ಮಾಡುತ್ತಾರೆ. ಈ ಮರ ನಮ್ಮ ಶಾಲೆಯ ಹಿಂದಿರುವ ಸಪೋಟ ಮರದ ಕುಟುಂಬಕ್ಕೇ ಸೇರಿದ್ದು. ಹಿಪ್ಪೆ ಮರವೂ ಅದೇ ಕುಟುಂಬ. 1851ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಸಮುದ್ರದೊಳಗೆ ಹಾಕಿದ ಟೆಲಿಗ್ರಾಫ್ ತಂತಿಗೂ ನೀರು ತಾಗದ ಹಾಗೆ ಇದನ್ನೇ ಸುತ್ತಿದ್ದರು. ಸಮುದ್ರದ ತಂತಿಗೆ ಸುತ್ತಿದ್ದು ಈಗ ನನ್ನ ಹಲ್ಲಿನಲ್ಲಿದೆ!

ನಾವು ಮಾಡಬೇಕಾದ್ದು

* ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಹಲ್ಲುಜ್ಜಬೇಕು. ರಾತ್ರಿಯದು ಬಹಳ ಮುಖ್ಯ. ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಎನಾಮಲ್ ಸವೆಯುತ್ತದೆ.
* ಪೆಪ್ಪರಮೆಂಟು, ಕ್ಯಾಂಡಿ ಇಡೀ ದಿನ ಚೀಪುತ್ತಾ ಇರಬಾರದು. ಬಿಸಿಯೂಟ ಆದಮೇಲೆ ತಟ್ಟೆ ತೊಳೆಯುವಾಗ ಬಾಯಿಯನ್ನೂ ಮುಕ್ಕಳಿಸಿ.
* ತೂತು ಸಣ್ಣದಿದ್ದಾಗಲೇ ತೋರಿಸಿದರೆ ಬರೀ ಸಿಮೆಂಟ್ ತುಂಬಿ ಮುಗಿಸುತ್ತಾರೆ.
* ನೋವು ತಾನಾಗಿ ನಿಂತರೆ ವಾಸಿ ಆಯ್ತು ಅಂತ ತಿಳಿಯಬೇಡಿ.
* ತಪಾಸಣೆಯವರು ಬಂದಾಗ ಪೂರ್ತಿ ಬಾಯಿ ಬಿಡಿ.

ನನ್ನ ತಮ್ಮ ಒಂದನೇ ತರಗತಿ. ಹೋದ ವಾರ ಟಾರ್ಚ್ ಬಿಟ್ಟು ಅವನ ಬಾಯಿ ನೋಡಿದೆ. ಹಿಂದೆ ಕೆಳಗೆ ಹೊಸ ದವಡೆ ಹಲ್ಲು ಬಿಳಿಯಾಗಿ ಅರ್ಧ ಮೇಲೆ ಬಂದಿದೆ. ಅದು ಅವನು ಮುದುಕನಾಗುವ ತನಕ ಇರಬೇಕಾದ ಹಲ್ಲು. ದಿನಾ ರಾತ್ರಿ ನಾನೇ ಉಜ್ಜಿಸುತ್ತಿದ್ದೇನೆ. ಅವನು ಅಳುತ್ತಾನೆ, ಆದರೂ ಬಿಡಲ್ಲ. ನೀವೂ ಇವತ್ತು ಮನೆಗೆ ಹೋಗಿ ನಿಮ್ಮ ತಮ್ಮ ತಂಗಿಯರ ಬಾಯಿ ನೋಡಿ.

ಜ್ವರ ಅಂತ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ಬರವಣಿಗೆಯಲ್ಲಿ ತಪ್ಪಿದ್ದರೂ ಕ್ಷಮಿಸಿ. ಇನ್ನು ಮೇಲೆ ಸ್ಟೀಲ್ ಲೋಟ ಅಂದವರಿಗೆ ಮೂರೂ ಪದರದ ಹೆಸರು ಕೇಳುತ್ತೇನೆ, ಹೇಳಲು ತಯಾರಾಗಿ ಬನ್ನಿ!

– 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ